ಎಂಟೂಕಾಲಿಗೆ ತೆರೆಯುವ ಬಾಗಿಲು

ಬೆಂಗಳೂರಿನ ಲಗ್ಗೆರೆಯ ಅಡ್ಡರಸ್ತೆಗಳಲ್ಲಿ ಬೆಳಗಿನ ಎಂಟೂಕಾಲು ಎಂದರೆ ಓಟದ ಹೊತ್ತು. ಗಾರ್ಮೆಂಟ್ಸ್‌ಗೆ ಹೊರಟ ಹೆಂಗಸರ ಕೊರಳಲ್ಲಿ ಐಡಿ ಕಾರ್ಡು, ಹೆಗಲಿಗೆ ಊಟದ ಬ್ಯಾಗು, ಸೊಂಟದ ಮೇಲೆ ನಿದ್ದೆ ತಿಳಿಯದ ಕೂಸು. ಪೀಣ್ಯದ ಆಟೊ ಹಿಡಿಯುವ ಮೊದಲು ಅವರಲ್ಲಿ ಕೆಲವರು ಓಣಿಯ ಕೊನೆಯ ಶೀಟಿನ ಮನೆಯ ಮುಂದೆ ನಿಲ್ಲುತ್ತಾರೆ. ‘ರಾತ್ರಿಯೆಲ್ಲಾ ಕೆಮ್ಮಿದಾಳೆ ಅಕ್ಕಾ, ಮೊಸರು ಬೇಡ.’ ಮಗು ಕೈಯಿಂದ ಕೈಗೆ ದಾಟುತ್ತದೆ, ಅಳು ಏಳುತ್ತದೆ. ತಾಯಿ ತಿರುಗಿ ನೋಡುವುದಿಲ್ಲ. ನೋಡಿದರೆ ಕಾಲು ಮುಂದೆ ಹೋಗದು. ತಡವಾದರೆ ಮೊದಲ ಗಂಟೆಯ ಪ್ರೊಡಕ್ಷನ್ನಿಗೆ ಸೂಪರ್‌ವೈಸರ್ ಕಾದಿರುತ್ತಾರೆ.

ಅಕ್ಕನಿಗೆ ಆ ಅವಸರ ಹೊಸದಲ್ಲ. ಆಕೆಯೂ ಹೊಲಿಗೆ ಲೈನಿನಲ್ಲಿ ಕೂತು ಕಾಲರ್ ಜೋಡಿಸಿದವಳು. ಎರಡನೆಯ ಹೆರಿಗೆಯ ನಂತರ ಕೆಲಸ ಬಿಟ್ಟಳು. ಪಕ್ಕದ ಮನೆಯವಳು ‘ನಿನ್ನ ಮಕ್ಕಳ ಜೊತೆ ಇದನ್ನೂ ನೋಡ್ಕೋ’ ಎಂದು ತನ್ನ ಕೂಸನ್ನು ಬಿಟ್ಟು ಹೋದದ್ದೇ ಮೊದಲು. ಬೋರ್ಡಿಲ್ಲ, ಪೂಜೆಯಿಲ್ಲ, ಬಂಡವಾಳವೆಂದರೆ ಒಂದು ಜಮಖಾನ.

ಆದರೆ ಮನೆಯನ್ನು ಅಣಿ ಮಾಡಿದ ಬಗೆ ನೋಡಬೇಕು. ಅಂಬೆಗಾಲಿನವರು ಕಾಣುವುದನ್ನು ಕಾಣಲೆಂದು ಆಕೆ ನೆಲದ ಮೇಲೆ ಕೂತು ಸುತ್ತಲೂ ಕಣ್ಣಾಡಿಸಿದಳಂತೆ. ಕೈಗೆಟಕುವ ಪ್ಲಗ್ಗಿಗೆಲ್ಲ ಟೇಪು ಬಂತು. ಫಿನಾಯಿಲ್, ಸೊಳ್ಳೆ ಔಷಧಿ, ಮಾತ್ರೆಯ ಡಬ್ಬಿ ಅಟ್ಟ ಹತ್ತಿದವು. ಅಡುಗೆ ಕಟ್ಟೆಗೆ ಹೋಗದಂತೆ ಸೊಂಟದೆತ್ತರದ ಹಲಗೆ. ಹೊಲಿಗೆ ಮಷೀನಿನ ಸೂಜಿ ಬಿಚ್ಚಿಟ್ಟಾಯಿತು. ಗುಂಡಿ, ಪಿನ್ನು, ಚಿಲ್ಲರೆ ಕಾಸಿಗಾಗಿ ದಿನಕ್ಕೆರಡು ಸಲ ಕಸ ಗುಡಿಸುವುದು. ಕಾವೇರಿ ನೀರು ದಿನವೂ ಬಾರದ ಓಣಿಯಲ್ಲಿ ಡ್ರಮ್ಮು, ಬಕೆಟ್ಟು ತುಂಬಿಟ್ಟುಕೊಳ್ಳದೆ ವಿಧಿಯಿಲ್ಲ. ನಡೆಯಲು ಕಲಿಯುವ ಮಗು ಅಂಗೈಯಗಲದ ನೀರಿಗೂ ತಲೆ ಮುಂದಾಗಿ ಬೀಳಬಹುದು. ಅದಕ್ಕೇ ಡ್ರಮ್ಮಿನ ಮುಚ್ಚಳದ ಮೇಲೆ ಒರಳುಕಲ್ಲು, ಬಚ್ಚಲಿಗೆ ಹೊರಗಿನಿಂದ ಚಿಲಕ. ಇದನ್ನೆಲ್ಲ ಯಾವ ತರಬೇತಿಯೂ ಇಲ್ಲದೆ ಯೋಚಿಸಿದ ಹೆಂಗಸಿಗೆ ‘ಮನೇಲಿ ಸುಮ್ನೆ ಕೂತಿದಾಳೆ’ ಎನ್ನುವವರಿದ್ದಾರೆ. ನನಗೆ ಸಿಟ್ಟು ಬರುತ್ತದೆ.

ಗೋಡೆಗೆ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ ಒಂದೊಂದು ಮಗುವಿಗೆ ಒಂದೊಂದು ಹಾಳೆ: ತಾಯಿಯ ನಂಬರು, ಅವಳು ಸಿಗದಿದ್ದರೆ ಇನ್ನೊಬ್ಬರದು, ಹಾಲಿನ ಹೊತ್ತು, ಯಾವ ಲಸಿಕೆ ಬಾಕಿ, ಸಂಜೆ ಕರೆದೊಯ್ಯಲು ಯಾರು ಬರಬಹುದು. ಪಟ್ಟಿಯಲ್ಲಿಲ್ಲದವರು ಚಿಕ್ಕಪ್ಪನೆಂದು ಹೇಳಿದರೂ ಮಗು ಹೊಸ್ತಿಲು ದಾಟದು.

ಅಂಗನವಾಡಿ ಇದೆಯಲ್ಲ ಎನ್ನಬಹುದು. 1975ರಲ್ಲಿ ಆ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂಗನವಾಡಿಯಲ್ಲಿ ಕೂತು ಕಲಿಯುವುದು ಮೂರು ತುಂಬಿದವರು, ಅದೂ ಫ್ಯಾಕ್ಟರಿ ಬಿಡುವುದಕ್ಕಿಂತ ಮೊದಲೇ ಮುಚ್ಚುತ್ತದೆ. 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ಬಂದ ತಿದ್ದುಪಡಿಯೇ ಹೇಳಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಉದ್ಯೋಗಿಗಳಿರುವಲ್ಲೆಲ್ಲ ಶಿಶುಪಾಲನೆಯ ವ್ಯವಸ್ಥೆ ಬೇಕೆಂದಿತು; ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದೆಂದೂ ಸೇರಿಸಿತು. ಆದರೆ ಕಿಕ್ಕಿರಿದ ಬಸ್ಸಿನಲ್ಲಿ ಕೂಸನ್ನು ಅಲ್ಲಿಯವರೆಗೆ ಒಯ್ಯುವುದು ಹೇಗೆ? ಹಾಗಾಗಿ ಎಷ್ಟೋ ಮಕ್ಕಳು ಕುಣಿಗಲ್ಲಿಗೋ ಮಾಗಡಿಗೋ ಅಜ್ಜಿಯ ಮನೆಗೆ ಹೋಗುತ್ತವೆ, ಹಬ್ಬಕ್ಕೆ ಬಂದ ಅಮ್ಮನನ್ನು ಕಂಡು ಅಜ್ಜಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತವೆ. ಹಳ್ಳಿಯ ಕೂಲಿಕಾರ ತಾಯಂದಿರಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಿತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ತರಬೇತಿಯುಂಟು, ಕೂಲಿಯುಂಟು. ಲಗ್ಗೆರೆಯ ಈ ಅಕ್ಕನಿಗೂ ಅವೆರಡೂ ಸಲ್ಲಬೇಕು.

ಹಣದ ಮಾತೇ ಕಷ್ಟದ್ದು. ಮೊದಮೊದಲು ಕೊಟ್ಟಷ್ಟು ಈಸಿಕೊಂಡಳು. ಹಾಲು, ಗ್ಯಾಸು, ಸೋಪಿನ ಲೆಕ್ಕ ಬರೆದ ಮೇಲೆ ತಿಂಗಳಿಗಿಷ್ಟು ಎಂದು ಗೊತ್ತುಮಾಡಿದಳು. ಓಟಿ ಇದ್ದ ದಿನ ಬೇರೆ. ಜ್ವರ ಬಂದ ಮಗುವನ್ನು ಕರೆತರುವಂತಿಲ್ಲ. ತಾಯಿಯ ಸಂಬಳದ ಅರ್ಧ ಇಲ್ಲೇ ಹೋದರೆ ಅವಳು ದುಡಿದೇನು ಫಲ, ಕಡಿಮೆಯಾದರೆ ಈಕೆ ದುಡಿದೇನು ಫಲ? ದುಡಿಯುವವರೇ ದುಡಿಯುವವರಿಗೆ ದರ ಕಟ್ಟಬೇಕಾದ ಈ ಸಂಕಟದಲ್ಲಿ ಸರ್ಕಾರ, ಮಾಲೀಕರು ಇಬ್ಬರೂ ಪಾಲು ಹೊರಬೇಕೆಂಬುದು ನನ್ನ ಬಲವಾದ ನಂಬಿಕೆ.

ಹನ್ನೆರಡಕ್ಕೆ ರಾಗಿ ಸರಿಯ ಘಮ. ದೊಡ್ಡವಕ್ಕೆ ಮೆತ್ತಗೆ ಹಿಸುಕಿದ ಅನ್ನ, ಖಾರವಿಲ್ಲದ ಬೇಳೆಸಾರು. ಉಂಡ ಮೇಲೆ ಜಂತಿಗೆ ಕಟ್ಟಿದ ಸೀರೆಯ ಜೋಲಿಯಲ್ಲೊಬ್ಬ, ಜಮಖಾನದ ಮೇಲೆ ಉಳಿದವರು.

ಆ ಹೊತ್ತಿಗೇ ಬಾಗಿಲು ತಟ್ಟಿದವಳು ಬಾಣಂತನ ಇಳಿದಿರದ ಹುಡುಗಿ. ರಜೆ ಮುಗಿಯುತ್ತ ಬಂದಿದೆ.

‘ಈಗ ಇರೋ ಮಕ್ಕಳಿಗಿಂತ ಒಂದು ಹೆಚ್ಚಾದ್ರೂ ನನ್ನ ಕಣ್ಣು ಸಾಲಲ್ಲ ಕಣಮ್ಮಾ. ಜೂನ್‌ಗೆ ಇವನು ಸ್ಕೂಲಿಗೆ ಸೇರ್ತಾನೆ, ಆವಾಗ ಬಾ. ಎದೆಹಾಲು ಬಿಡಿಸ್ಬೇಡ. ಹಿಂಡಿ ಸ್ಟೀಲ್ ಡಬ್ಬೀಲಿ ಕೊಡು, ಒಳಲೇಲಿ ಕುಡಿಸ್ತೀನಿ.’

‘ಅಲ್ಲೀವರೆಗೂ ಅಮ್ಮನ್ನ ಊರಿಂದ ಕರೆಸ್ಕೋತೀನಿ ಅಕ್ಕಾ. ಹೆಸರು ಬರ್ಕೊಂಡಿರಿ.’

‘ಬರ್ಕೋತೀನಿ. ಸೇರಿಸೋ ಮುಂಚೆ ಎರಡು ದಿನ ನೀನೂ ಇಲ್ಲೇ ಕೂತ್ಕೋಬೇಕು, ಮಗುಗೆ ನನ್ನ ಮೈ ವಾಸನೆ ಗೊತ್ತಾಗ್ಲಿ.’

‘ಎರಡು ದಿನದ ಸಂಬಳ ಹಿಡೀತಾರಲ್ಲ.’

‘ಭಾನುವಾರ ಬಾ ಹಾಗಾದ್ರೆ. ನಾನು ಮನೇಲೇ ಇರ್ತೀನಿ.’