ಬೆಕ್ಕುಗಳು ಅತಿಯಾಗಿ ಮೈ ನೆಕ್ಕುವುದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ರೈತರ ಮನೆಗಳಲ್ಲಿ ಭತ್ತದ ಕಣಜವನ್ನು ಇಲಿಗಳಿಂದ ಕಾಯುವ ಪ್ರಾಣಿಯು ಬೆಕ್ಕು. ಅದು ಮೈ ನೆಕ್ಕಿಕೊಳ್ಳುವುದು ಸಹಜವೇ. ಆದರೆ ಬಾಲದ ಬುಡದಲ್ಲಿ ಕೂದಲು ಉದುರುವಷ್ಟು ನೆಕ್ಕುತ್ತಿದ್ದರೆ ಸಾಮಾನ್ಯವಾಗಿ ಚಿಗಟವೇ ಕಾರಣವು. ಬಾಚಿದಾಗ ಬೀಳುವ ಕಪ್ಪು ಕಣಗಳು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಕೆಂಪಾಗಿ ಹರಡಿದರೆ ಅವು ಚಿಗಟದ ಹಿಕ್ಕೆಗಳೆಂದು ತಿಳಿಯತಕ್ಕದ್ದು.

ದನಗಳ ಉಣುಗಿಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಔಷಧಗಳನ್ನು ಬೆಕ್ಕಿಗೆ ಎಂದಿಗೂ ಹಚ್ಚಕೂಡದು. ಮೈಗೆ ಹಚ್ಚಿದುದು ನಾಲಗೆಯ ಮೂಲಕ ಹೊಟ್ಟೆಯನ್ನೂ ಸೇರುವುದು. ಈ ವಿಷವನ್ನು ಕಳೆಯುವ ಶಕ್ತಿಯು ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನಡುಕವೂ ಸೆಳೆತವೂ ಉಂಟಾಗಿ ಅದು ಸಾಯಲೂಬಹುದು. ಅರಿಯದೆ ಹಚ್ಚಿದ್ದರೆ ಕೂಡಲೆ ಸಾಬೂನಿನಿಂದ ತೊಳೆದು ಪಶುವೈದ್ಯರ ಬಳಿಗೆ ಒಯ್ಯಬೇಕು.

ಸೀರಣಿಗೆಯಿಂದ ಪ್ರತಿದಿನವೂ ಬಾಚಿ, ಸಿಕ್ಕಿದ ಚಿಗಟಗಳನ್ನು ಸಾಬೂನಿನ ನೀರಿನಲ್ಲಿ ಮುಳುಗಿಸಿ, ಬೆಕ್ಕು ಮಲಗುವ ಗೋಣಿಯನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸತಕ್ಕದ್ದು. ಚಿಗಟವಿಲ್ಲದೆಯೂ ನೆಕ್ಕುತ್ತಿದ್ದರೆ ಬೇರೆ ರೋಗವಿರಬಹುದಾದುದರಿಂದ ಪಶುವೈದ್ಯರಿಗೆ ತೋರಿಸುವುದು ಉತ್ತಮ.