ಯಜಮಾನರ ಹೆಸರು ಮೊದಲು, ಓಡಿಸಿದವರದು ಆಮೇಲೆ

ಕರಾವಳಿಯ ಪತ್ರಿಕೆಗಳಲ್ಲಿ ಕಂಬಳದ ಫಲಿತಾಂಶ ಅಚ್ಚಾಗುವುದಕ್ಕೆ ಒಂದು ಕ್ರಮವಿದೆ. ಮೊದಲು ವಿಭಾಗ, ಆಮೇಲೆ ಕೋಣಗಳ ಯಜಮಾನರ ಊರು, ಮನೆತನ, ಹೆಸರು. ಒಬ್ಬರದೇ ಎರಡು ಜೋಡಿ ಓಟಕ್ಕೆ ಇಳಿದಿದ್ದರೆ ಪಕ್ಕದಲ್ಲಿ ‘ಎ’ ಅಥವಾ ‘ಬಿ’. ಇಷ್ಟೆಲ್ಲ ಆದ ಮೇಲೆ ‘ಓಡಿಸಿದವರು’ ಎಂದು ಇನ್ನೊಂದು ಹೆಸರು. ಹುಮನಾಬಾದಿನಲ್ಲಿ ಕೂತು ಓದುವ ನಮ್ಮಂಥವರಿಗೆ ಗೊಂದಲವೇ. ಗೆದ್ದವರು ಯಾರು? ಕೋಣ ಸಾಕಿದವರೋ, ಕೆಸರಲ್ಲಿ ಓಡಿದವರೋ?

ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಕಾರಹುಣ್ಣಿಮೆಗೆ ಕರಿ ಹರಿಯುವಾಗ ಈ ತಕರಾರು ಇಲ್ಲ. ಮುಂದೆ ನುಗ್ಗಿದ ಎತ್ತು ಬಿಳಿಯದೋ ಕೆಂದದೋ ನೋಡಿ, ಈ ಸಲ ಮುಂಗಾರಿಯೋ ಹಿಂಗಾರಿಯೋ ಎಂದು ಕಟ್ಟೆಯ ಮೇಲೆ ಲೆಕ್ಕ ಹಾಕುತ್ತಾರೆ. ಹಗ್ಗ ಹಿಡಿದವನನ್ನು ಯಾರೂ ಕೇಳುವುದಿಲ್ಲ. ಕಂಬಳದಲ್ಲಿ ಮಾತ್ರ ಯಜಮಾನ, ಓಡಿಸುವವ, ಕೋಣ ಈ ಮೂವರ ಕೂಡುಬಾಳೇ ಪಂದ್ಯ.

ನವೆಂಬರಿನಿಂದ ಮಾರ್ಚ್‌ವರೆಗೆ ತುಳುನಾಡಿನಲ್ಲಿ ಇದರ ಕಾಲ. ಕೆಸರಿನ ಓಟದ ಹಾದಿಯೇ ಕರೆ, ಅಕ್ಕಪಕ್ಕ ಎರಡಿದ್ದರೆ ಅದು ಜೋಡುಕರೆ. ಓಟ ಶುರುವಾಗುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಹಗ್ಗದ ವಿಭಾಗದಲ್ಲಿ ಓಡಿಸುವವ ಕೋಣಗಳಿಗೆ ಕಟ್ಟಿದ ಹಗ್ಗ ಹಿಡಿದು ಓಡುತ್ತಾನೆ. ನೇಗಿಲಿನದರಲ್ಲಿ ಹಗುರಾದ ನೇಗಿಲು. ಅಡ್ಡ ಹಲಗೆಯಲ್ಲಿ ಹಲಗೆಯ ಮೇಲೆ ನಿಂತು ಸಾಗಬೇಕು. ಹಗ್ಗಕ್ಕೂ ನೇಗಿಲಿಗೂ ಹಿರಿಯ, ಕಿರಿಯ ಎಂಬ ಭಾಗಗಳಿವೆ. ಅದು ಮನುಷ್ಯನ ವಯಸ್ಸಲ್ಲ, ಕೋಣದ ಹಲ್ಲು ನೋಡಿ ಮಾಡಿದ್ದು. ನನಗೆ ಹೆಚ್ಚು ಹಿಡಿಸುವುದು ಕನೆಹಲಗೆ. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ತೂತುಗಳಿರುವ ಮರದ ತುಂಡಿನ ಮೇಲೆ ಒಂದೇ ಕಾಲೂರಿ ನಿಂತವನ ಹಿಂದೆ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದೇ ಲೆಕ್ಕ. ಮೇಲೆ ಕಟ್ಟಿದ ನಿಶಾನೆಯ ಬಟ್ಟೆ ಆರೂವರೆ ಕೋಲಿನದು, ಏಳೂವರೆ ಕೋಲಿನದು. ಅದನ್ನು ನೀರು ಮುಟ್ಟಬೇಕು.

ಈ ಕೆಲವು ಸೆಕೆಂಡುಗಳಿಗಾಗಿ ಯಜಮಾನ ವರ್ಷವಿಡೀ ಕೋಣಗಳನ್ನು ಸಾಕುತ್ತಾನೆ. ಬೇಯಿಸಿದ ಹುರುಳಿ, ಮೈಗೆ ಎಣ್ಣೆಯ ತಿಕ್ಕಾಟ, ಬೇಸಿಗೆಗೆ ಈಜು. ಕೆಲವರು ಕೋಣಗಳಿಗೆಂದೇ ಕೊಳ ಕಟ್ಟಿಸಿದ್ದಾರೆ. ಬಹುಮಾನವಾಗಿ ಸಿಗುವ ಒಂದೆರಡು ಪವನ್ ಚಿನ್ನದಿಂದ ಈ ಖರ್ಚು ಹುಟ್ಟುವುದಿಲ್ಲ. ಮನೆತನದ ಹೆಸರು ಮೈಕಿನಲ್ಲಿ ಮೊಳಗಿದರೆ ಅವನಿಗೆ ಅದೇ ಲಾಭ.

ಅಮೆರಿಕದ ಕಾರ್ ಪಂದ್ಯಗಳಲ್ಲೂ ಇಂಥದೇ ಒಂದು ನಂಟಿದೆ. ಕಾರು, ಅದರ ನಂಬರು, ಗ್ಯಾರೇಜು ಮಾಲೀಕನವು, ಸ್ಟಿಯರಿಂಗ್ ಇನ್ನೊಬ್ಬನದು. ವುಡ್ ಸಹೋದರರ 21ನೇ ನಂಬರಿನ ಕಾರಿನಲ್ಲಿ ಡೇವಿಡ್ ಪಿಯರ್ಸನ್ 1972ರಿಂದ 1979ರೊಳಗೆ 43 ಪಂದ್ಯ ಗೆದ್ದ. ಅಲ್ಲಿಯ ಹಳೆಯ ಅಭಿಮಾನಿಗಳು ಇಂದಿಗೂ ಈ ಎರಡು ಹೆಸರುಗಳನ್ನು ಬಿಡಿಸಿ ಹೇಳುವುದಿಲ್ಲ.

ಕಂಬಳದ ಹಳಬರಿಗೂ ಅಂಥ ಬಿಡದ ನಂಟಿನದೇ ಹಳಹಳಿಕೆ. ಹಿಂದೆ ಕೋಣ ಮೇಯಿಸಿದವನೇ, ಮೈ ತೊಳೆದವನೇ ಅದನ್ನು ಓಡಿಸುತ್ತಿದ್ದ. ಎಡದ ಕೋಣ ಎಲ್ಲಿ ಜಗ್ಗುತ್ತದೆ, ಬಲದ್ದು ಎಲ್ಲಿ ಬೆದರುತ್ತದೆ ಎಂದು ಅವನಿಗೆ ಗೊತ್ತಿತ್ತು. ಈಗ ಒಬ್ಬನೇ ಒಂದೇ ದಿನ ಮೂರು ಮನೆಗಳ ಕೋಣ ಓಡಿಸಿ ಬರುತ್ತಾನೆ ಎಂದು ಕೊರಗುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಹಳೆಯ ನಂಟಿನಲ್ಲಿ ಒಬ್ಬ ಧಣಿ, ಇನ್ನೊಬ್ಬ ಗೇಣಿಯ ಒಕ್ಕಲು. ವರ್ಷದ ಸಂಬಳಕ್ಕಿದ್ದ ಆಳುಗಳನ್ನು ಕಂಡ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೂ ಕೆಳಗೆ ಕೊರಗ ಬುಡಕಟ್ಟಿನವರಿದ್ದರು. ಕೋಣ ಇಳಿಯುವ ಮುಂಚೆ ಅವರನ್ನು ಕರೆಯಲ್ಲಿ ಓಡಿಸುವ ಪದ್ಧತಿಯಿತ್ತು. ಅವರನ್ನು ಹೀಗೆ ಕೀಳಾಗಿ ನಡೆಸಿಕೊಳ್ಳುವ ಅಜಲು ಆಚರಣೆಯನ್ನು ರಾಜ್ಯ ಸರ್ಕಾರ ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ಒಕ್ಕಲುಗಳ ಮಟ್ಟಿಗೆ, 1974ರ ಭೂಸುಧಾರಣೆಯಿಂದ ಗದ್ದೆಗಳು ಧಣಿಗಳ ಗುತ್ತಿನ ಮನೆಗಳ ಕೈಬಿಟ್ಟವು. ಒಕ್ಕಲು ಓಡಲೇಬೇಕೆಂಬ ಹಂಗು ಹರಿಯಿತು. ಮೂರು ಮನೆಗಳ ಕೋಣ ಓಡಿಸುವ ಇಂದಿನ ಹುಡುಗ ಯಜಮಾನನನ್ನು ತಾನೇ ಆರಿಸಿಕೊಳ್ಳುತ್ತಾನೆ, ಸಂಭಾವನೆ ಮಾತಾಡಿಕೊಳ್ಳುತ್ತಾನೆ. ನನಗೆ ಇವನೇ ವಾಸಿ.

ಫಲಿತಾಂಶದ ಆ ಕ್ರಮ ತಲೆಕೆಳಗಾದದ್ದು 2020ರ ಫೆಬ್ರುವರಿ 1ರಂದು. ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಟ್ಟಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದರು, ಉಸೇನ್ ಬೋಲ್ಟ್‌ನ 9.58 ದಾಟಿಬಿಟ್ಟಿತು! ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದ ಯುವಕನಿಗೆ ದಿಲ್ಲಿಯಿಂದ ಟ್ರಯಲ್ಸ್‌ಗೆ ಕರೆ ಬಂತು. ಅವರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಮೇಲೆ ಓಡುತ್ತೇವೆ, ಟ್ರ್ಯಾಕಿನಲ್ಲಿ ಬೆರಳ ತುದಿಯ ಮೇಲೆ ಓಡಬೇಕು ಎಂಬುದು ಅವರ ವಾದ. ಗೆಲುವಿನ ಪಾಲನ್ನು ಕೋಣಗಳಿಗೂ ಕೊಟ್ಟರು. ಬೋಲ್ಟ್ ಹೋಲಿಕೆ ಮಾಡಿದವರಿಗೆ ಈ ಎರಡನೆಯದು ಕೇಳಿಸಲೇ ಇಲ್ಲ. ಎಳೆಯುವ ಕೋಣಗಳ ಹಗ್ಗ ಹಿಡಿದು ಓಡಿದ ಸಮಯವನ್ನು ಒಂಟಿ ಓಟಗಾರನ ಸಮಯದ ಪಕ್ಕ ಇಟ್ಟರೆ ಲೆಕ್ಕ ಕೂಡುವುದು ಹೇಗೆ? ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಓಡಿದಾಗ ಮತ್ತೆ ಅದೇ ಗದ್ದಲ.

ಅದಕ್ಕೂ ಮುಂಚೆ ಕಂಬಳವೇ ಉಳಿಯುತ್ತದೋ ಇಲ್ಲವೋ ಎಂಬಂತಾಗಿತ್ತು. ಜಲ್ಲಿಕಟ್ಟನ್ನು ನಿಷೇಧಿಸಿದ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ತೊಡಕು ಶುರುವಾಯಿತು. 2017ರಲ್ಲಿ ರಾಜ್ಯ ಸರ್ಕಾರ ಪ್ರಾಣಿಹಿಂಸೆ ತಡೆ ಕಾಯ್ದೆಯನ್ನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕೆಸರು ಎದ್ದಿತು. ಕೋಣಕ್ಕೆ ಬೀಳುವ ಪೆಟ್ಟಿನ ಬಗ್ಗೆ ಎದ್ದ ಪ್ರಶ್ನೆ ಮಾತ್ರ ತೀರ್ಪಿನಿಂದ ಮುಗಿದಿಲ್ಲ, ಮುಗಿಯಲೂಬಾರದು.

ನೋಡಬೇಕೆಂದಿರುವವರು ಚಳಿಗಾಲದಲ್ಲಿ ಮಂಗಳೂರಿಗೆ ಇಳಿದು ಮೂಡುಬಿದಿರೆಗೋ ಐಕಳಕ್ಕೋ ಹೋಗಬಹುದು. ಬೆಳಿಗ್ಗೆ ಶುರುವಾದ ಓಟ ರಾತ್ರಿಯೆಲ್ಲ ನಡೆದು ಮರುದಿನಕ್ಕೂ ಎಳೆಯುವುದುಂಟು. ಊಟ ನಿದ್ದೆಯ ಏರ್ಪಾಡು ಮಾಡಿಕೊಂಡೇ ಹೊರಡಿ. ಜಾಗ ಸಿಕ್ಕರೆ ಮಂಜೊಟ್ಟಿಯ ಹತ್ತಿರ ನಿಲ್ಲಿ. ಅಚ್ಚಾದ ಫಲಿತಾಂಶದಲ್ಲಿ ಕಾಣದ ಕೋಣಗಳ ಹೆಸರುಗಳನ್ನು ಅಲ್ಲಿಯ ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ.