ಗಾಜಿನ ಭರಣಿಯಲ್ಲಿ ತೊಗರಿ ಹೊಲ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಲ್ಲಿ ರೈತರ ವರ್ಷದ ಲೆಕ್ಕ ನಿಂತಿರುವುದು ತೊಗರಿಯ ಮೇಲೆ. 2022ರ ಹಂಗಾಮಿನ ಬೆಳೆ ನೆಟೆ ರೋಗಕ್ಕೆ ತುತ್ತಾಗಿ ಜಿಲ್ಲೆಯಲ್ಲಿ ಅಪಾರ ಹಾನಿಯಾಯಿತು. ಹಸಿರಾಗಿದ್ದ ಗಿಡ ನಿಂತಲ್ಲೇ ಬಾಡಿದಾಗ ರೈತರು ಮೊದಲು ಹೋಗುವುದು ಔಷಧದ ಅಂಗಡಿಗೆ. ಆದರೆ ಈ ರೋಗದ ಮೂಲ ಎಲೆಯಲ್ಲಿಲ್ಲ, ಮಣ್ಣಿನಲ್ಲಿದೆ. ಮಣ್ಣು, ನೀರು, ಗಾಳಿ ಎಂಬ ನಿರ್ಜೀವ ವಸ್ತುಗಳಿಗೂ ಬೇರು, ಅಣುಜೀವಿ, ಶಿಲೀಂಧ್ರ ಎಂಬ ಸಜೀವಿಗಳಿಗೂ ಇರುವ ಸಂಬಂಧ ತಿಳಿಯದೆ ಇದರ ಹತೋಟಿ ಸಾಧ್ಯವಿಲ್ಲ. ಊರಿನ ಪ್ರೌಢಶಾಲೆಯಲ್ಲಿ ಮೂರು ಗಾಜಿನ ಭರಣಿಗಳನ್ನಿಟ್ಟು ಇದನ್ನು ಮಕ್ಕಳಿಗೂ ಹಿರಿಯರಿಗೂ ಕಣ್ಣಾರೆ ತೋರಿಸಬಹುದು.

ಅಗಲ ಬಾಯಿಯ ಒಂದೇ ಅಳತೆಯ ಮೂರು ಭರಣಿಗಳನ್ನು ಆಯ್ದುಕೊಳ್ಳಬೇಕು. ಮೊದಲಿನ ಎರಡಕ್ಕೆ ರೋಗವಿಲ್ಲದ ಹೊಲದ ಎರೆ ಮಣ್ಣನ್ನು, ಮೂರನೆಯದಕ್ಕೆ ನೆಟೆ ಬಿದ್ದ ಜಾಗದ ಮಣ್ಣನ್ನು ಅಲ್ಲಿನ ಕೂಳೆಯ ಚೂರುಗಳೊಡನೆ ತುಂಬಬೇಕು. ಗಾಜಿಗೆ ತಾಗುವಂತೆ ನಾಲ್ಕೈದು ತೊಗರಿ ಬೀಜ ಊರಿ, ಭರಣಿಗೆ ಕಪ್ಪು ಕಾಗದ ಸುತ್ತಬೇಕು. ನೋಡುವಾಗ ಮಾತ್ರ ಅದನ್ನು ಬಿಚ್ಚಬೇಕು. ಭರಣಿಯನ್ನು ತುಸು ಓರೆಯಾಗಿಟ್ಟರೆ ಬೇರುಗಳು ಗಾಜಿನ ಬದಿಯಲ್ಲೇ ಇಳಿಯುತ್ತವೆ. ಭರಣಿಗಳು ಬೆಳಕಿನಲ್ಲಿರಲಿ, ಉರಿಬಿಸಿಲಿನಲ್ಲಿ ಬೇಡ.

ಮೊದಲನೆಯ ಮತ್ತು ಮೂರನೆಯ ಭರಣಿಗೆ ಮಣ್ಣು ಹದವಾಗುವಷ್ಟೇ ನೀರು ಹಾಕಬೇಕು. ಎರಡನೆಯದರಲ್ಲಿ ಸಸಿ ಎದ್ದ ಮೇಲೆ ನೀರು ಮಣ್ಣಿನ ಮೇಲೆ ನಿಲ್ಲುವಂತೆ ಸುರಿಯಬೇಕು. ಆಗ ಗುಳ್ಳೆಗಳು ಏಳುವುದು ಕಾಣುತ್ತದೆ. ಅದು ಮಣ್ಣಿನ ಕಣಗಳ ನಡುವೆ ಇದ್ದ ಗಾಳಿ. ನೀರು ಒಳಹೊಕ್ಕಿತು, ಗಾಳಿ ಹೊರಬಿತ್ತು; ಬೇರಿಗೆ ಉಸಿರಾಡಲು ಏನೂ ಉಳಿಯಲಿಲ್ಲ. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುವುದರಿಂದ ಒಳದಾರಿಗಳು ಇನ್ನಷ್ಟು ಕಿರಿದಾಗುತ್ತವೆ. ಅದೇ ಮಣ್ಣು ಒಣಗಿದರೆ ಕುಗ್ಗಿ ಗಾಜನ್ನು ಬಿಟ್ಟು ಸರಿಯುತ್ತದೆ. ಹೊಲದಲ್ಲಿ ಬಿರುಕು ಬಿಟ್ಟು ಬೇರು ಹರಿಯುವುದೂ ಹೀಗೆಯೇ.

ಮೂರು ನಾಲ್ಕು ವಾರಗಳಾದ ಮೇಲೆ ಮೊದಲಿನ ಎರಡು ಭರಣಿಗಳ ಒಂದೊಂದು ಗಿಡವನ್ನು ಮಣ್ಣು ಸಮೇತ ಬಿಡಿಸಿ ಬೇರನ್ನು ತೊಳೆದು ನೋಡಬೇಕು. ಹದವಾದ ಮಣ್ಣಿನ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಚಾಕುವಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ರೈಜೋಬಿಯಂ ಅಣುಜೀವಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದೆ ಎಂದು ತಿಳಿಯಬೇಕು. ನೀರು ನಿಂತ ಭರಣಿಯ ಗಿಡದಲ್ಲಿ ಗಂಟುಗಳು ವಿರಳ, ಎಲೆ ಹಳದಿ. ಇಂಥ ಗಿಡಕ್ಕೆ ಯೂರಿಯಾ ಸುರಿಯುವುದು ಹಣ ಪೋಲು. ಅದಕ್ಕೆ ಬೇಕಾದುದು ನೀರು ಬಸಿಯುವ ದಾರಿ.

ಮೂರನೆಯ ಭರಣಿಯಲ್ಲಿ ತಾಳ್ಮೆ ಬೇಕು. ಒಂದೂವರೆ ತಿಂಗಳೊಳಗೆ ಕೆಲವು ಗಿಡ ಬಾಡಬಹುದು, ಕೆಲವು ಬಾಡದಿರಬಹುದು. ಬಾಡಿದ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿದರೆ ನೀರು ಸಾಗುವ ನಾಳಗಳಲ್ಲಿ ಕಂದು-ಕಪ್ಪು ಗೆರೆಗಳಿರುತ್ತವೆ. ಹೊಲದ ದೊಡ್ಡ ಗಿಡದಲ್ಲಾದರೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿಯೂ ಕಾಣುತ್ತದೆ. ಇದು ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರದ ಕೆಲಸ. ಮಣ್ಣಿನಲ್ಲಿ ತೇವವಿದ್ದರೂ ಗಿಡಕ್ಕೆ ನೀರು ಏರದು. ರೋಗ ತಗುಲಿದ ಕೂಳೆಯಲ್ಲಿ ಈ ಶಿಲೀಂಧ್ರ ಸುಮಾರು 3 ವರ್ಷ ಬದುಕಿರುತ್ತದೆ. ವರ್ಷವರ್ಷವೂ ತೊಗರಿಯನ್ನೇ ಬಿತ್ತುವ ಹೊಲದಲ್ಲಿ ಅದಕ್ಕೆ ಉಪವಾಸವೆಂಬುದಿಲ್ಲ.

ಆದುದರಿಂದ ರೋಗವಿರುವ ಹೊಲದಲ್ಲಿ 3 ವರ್ಷ ಜೋಳ ಮುಂತಾದ ಏಕದಳ ಬೆಳೆಯಿಂದ ಪರಿವರ್ತನೆ ಮಾಡಬೇಕು. ಜೋಳಕ್ಕೆ ತೊಗರಿಯಷ್ಟು ಬೆಲೆಯಿಲ್ಲವೆಂಬ ರೈತರ ಮಾತು ನಿಜ. ಪೂರ್ತಿ ಬಿಡಲಾಗದವರು ತೊಗರಿಯ ಜೊತೆ ಜೋಳವನ್ನು ಅಂತರ ಬೆಳೆಯಾಗಿ ಹಾಕಿದರೂ ನೆಟೆ ತಗ್ಗುತ್ತದೆ. ಟಿಎಸ್-3ಆರ್‌ನಂತಹ ನೆಟೆ ನಿರೋಧಕ ತಳಿ ಆರಿಸಿ, ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಲೇಪಿಸಿ ಬಿತ್ತಬೇಕು. ಇದೂ ಒಂದು ಶಿಲೀಂಧ್ರವೇ, ಆದರೆ ರೋಗದ ಶಿಲೀಂಧ್ರಕ್ಕೆ ವೈರಿ. ಕೊಟ್ಟಿಗೆ ಗೊಬ್ಬರವಿರುವ, ತೇವವಿರುವ ಮಣ್ಣಿನಲ್ಲಿ ಮಾತ್ರ ಅದು ಚೆನ್ನಾಗಿ ಹಬ್ಬುತ್ತದೆ; ಬರಡು ನೆಲಕ್ಕೆ ಹಾಕಿ ಫಲವಿಲ್ಲವೆಂದು ದೂರಬಾರದು. ಭೀಮಾ ತೀರದ ಆಳ ಎರೆಯಲ್ಲಿ ಬಸಿಗಾಲುವೆಯನ್ನು ಬಿತ್ತನೆಗೆ ಮೊದಲೇ ತೆಗೆಯುವುದು ಲೇಸು.

ಪ್ರಾತ್ಯಕ್ಷಿಕೆ ಮುಗಿದ ಮೇಲೆ ಮೂರನೆಯ ಭರಣಿಯ ಗಿಡಗಳನ್ನು ಸುಟ್ಟುಹಾಕಬೇಕು. ಅದರ ಮಣ್ಣನ್ನು ತಂದ ಜಾಗಕ್ಕೇ ಒಯ್ದು ಹಾಕಬೇಕು. ಶಾಲೆಯ ಕೈತೋಟಕ್ಕಾಗಲಿ ಪಕ್ಕದವರ ಹೊಲಕ್ಕಾಗಲಿ ಚೆಲ್ಲಕೂಡದು.